ನಿರೂಪಕಿಯ ನಗೆ: ಅಪರ್ಣಾ ಮತ್ತು ವರಲಕ್ಷ್ಮಿ



ದತ್ತಿ ಉಪನ್ಯಾಸ ಅಂದರೆ ಸಾಮಾನ್ಯವಾಗಿ ಒಬ್ಬ ಕವಿಯನ್ನೋ ವಚನಕಾರರನ್ನೋ ಆರಿಸಿಕೊಳ್ಳುತ್ತೇವೆ. ಟಿ.ವಿ.ಯ ಹಾಸ್ಯನಟಿಯೊಬ್ಬರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮನಸಾರೆ ಒಪ್ಪಿದರು. ಅವರಿಗೆ ನಾನು ಋಣಿ. ಈ ಆಯ್ಕೆ ಹೊಸತನದ ಆಸೆಗೆ ಮಾಡಿಕೊಂಡದ್ದಲ್ಲ. ಕನ್ನಡವನ್ನು ಬಾಯಲ್ಲಿ ಕಾಪಾಡಿದವರಿಗೆ ನಾವು ಕೊಡಬೇಕಾದ ಗೌರವ ಇನ್ನೂ ಸಂದಿಲ್ಲ ಎಂಬ ಕೊರಗು ನನ್ನಲ್ಲಿ ಬಹಳ ಕಾಲದಿಂದ ಇದೆ. ಅದನ್ನು ನಿರೂಪಕಿ, ನಟಿ ಅಪರ್ಣಾ ಅವರ ಮೂಲಕ ಹೇಳಬೇಕು ಅನ್ನಿಸಿತು.

ಅಪರ್ಣಾ ತೀರಿಕೊಂಡದ್ದು 2024ರ ಜುಲೈ 11ರ ರಾತ್ರಿ, ಬೆಂಗಳೂರಿನಲ್ಲಿ. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 57. ಮಾರನೆಯ ದಿನ ಊರೂರಿನಲ್ಲಿ ಜನ ಆ ಸುದ್ದಿಯನ್ನು ಒಬ್ಬರಿಗೊಬ್ಬರು ಹೇಳಿಕೊಂಡ ರೀತಿಯನ್ನು ನೆನಪು ಮಾಡಿಕೊಳ್ಳಿ. ಅರವತ್ತು ದಾಟಿದವರು 'ನಮ್ಮ ಚಂದನದ ಅಪರ್ಣಾ' ಅಂದರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಮನೆಗೆ ಫೋನ್ ಮಾಡಿ 'ಮೆಟ್ರೊ ದನಿ ಹೋಯ್ತಂತೆ' ಅಂದರು. ಇನ್ನು ಮನೆಯಲ್ಲಿ ಶನಿವಾರ, ಭಾನುವಾರದ ಟಿ.ವಿ.ಗೆ ಒಗ್ಗಿದ್ದ ಹೆಂಗಸರು, ಮಕ್ಕಳು ಅಪರ್ಣಾ ಅವರ ಹಾಸ್ಯಪಾತ್ರದ ಹೆಸರು ಹಿಡಿದು ಹೇಳಿದ್ದು ಒಂದೇ ಮಾತು: 'ಅಯ್ಯೋ, ವರಲಕ್ಷ್ಮಿ ಹೋಗ್ಬಿಟ್ರಂತೆ.' ಒಬ್ಬಳೇ ಹೆಣ್ಣುಮಗಳನ್ನು ಒಂದೊಂದು ತಲೆಮಾರು ಒಂದೊಂದು ಗುರುತಿನಿಂದ ಕಳೆದುಕೊಂಡಿತು. ಈ ಗುರುತುಗಳ ನಡುವೆ ಇರುವ ನಂಟೇ ಇವತ್ತಿನ ನನ್ನ ವಿಷಯ.

ಅವರು ಹಾಸನದವರಾದ ನಮಗೆ ದೂರದವರೂ ಅಲ್ಲ. ಹುಟ್ಟಿದ್ದು 1966ರ ಅಕ್ಟೋಬರ್ 14ರಂದು, ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ನಮ್ಮ ಅರಸೀಕೆರೆ ತಾಲ್ಲೂಕಿನ ಗಡಿ ದಾಟಿದರೆ ಕಡೂರು ಸೀಮೆ. ಅದೇ ತೆಂಗು, ಅದೇ ರಾಗಿ, ಮಳೆಗಾಗಿ ಅದೇ ಕಾಯುವಿಕೆ. ತಂದೆ ನಾರಾಯಣಸ್ವಾಮಿಯವರು ಸಿನಿಮಾ ಪತ್ರಕರ್ತರು. ಸಿನಿಮಾದ ಮಾತು ಮನೆಯಲ್ಲೇ ಇತ್ತು.

ಹತ್ತೊಂಬತ್ತರ ಆಸುಪಾಸಿನಲ್ಲಿ ಅವರಿಗೆ ಸಿಕ್ಕಿದ್ದು ಯಾವ ಹುಡುಗಿಯಾದರೂ ಕನಸು ಕಾಣುವಂಥ ಅವಕಾಶ: ಪುಟ್ಟಣ್ಣ ಕಣಗಾಲರ ಚಿತ್ರ. ಪುಟ್ಟಣ್ಣನವರ ಕ್ಯಾಮೆರಾದ ಮುಂದೆ ನಿಂತ ಹೆಣ್ಣುಮಕ್ಕಳು ಏನಾದರು ಎಂಬುದು ನಿಮಗೆ ಗೊತ್ತು. 'ಶರಪಂಜರ'ದ ಕಲ್ಪನಾ, 'ರಂಗನಾಯಕಿ'ಯ ಆರತಿ, 'ಮಾನಸ ಸರೋವರ'ದ ಪದ್ಮಾವಾಸಂತಿ. ಆ ಸಾಲಿನ ಕೊನೆಯ ಹೆಸರು ಅಪರ್ಣಾ. ಚಿತ್ರ 'ಮಸಣದ ಹೂವು', ಟಿ.ಕೆ. ರಾಮರಾಯರ ಕಾದಂಬರಿ ಆಧರಿಸಿದ್ದು; ಅಂಬರೀಶ್, ಜಯಂತಿ ಅವರ ಎದುರು ಈ ಹೊಸ ಹುಡುಗಿ. ಚಿತ್ರ ಮುಗಿಯುವ ಮೊದಲೇ, 1985ರ ಜೂನ್ 5ರಂದು, ಪುಟ್ಟಣ್ಣ ತೀರಿಕೊಂಡರು. ಉಳಿದದ್ದನ್ನು ಕೆ.ಎಸ್.ಎಲ್. ಸ್ವಾಮಿ ಪೂರೈಸಿದರು. ತನ್ನನ್ನು ಬೆಳಕಿಗೆ ತಂದ ಗುರು ಮೊದಲ ಚಿತ್ರದ ನಡುವೆಯೇ ಕಣ್ಮರೆಯಾದರೆ ಆ ವಯಸ್ಸಿನ ನಟಿಗೆ ದಾರಿ ತೋರಿಸುವವರು ಯಾರು? ಮುಂದೆ ಅಪರ್ಣಾ ಕೆಲವು ಚಿತ್ರಗಳಲ್ಲಿ ನಟಿಸಿದರು, ಆದರೆ ತಾರೆಯ ಪಟ್ಟ ಒಲಿಯಲಿಲ್ಲ. ನನಗನ್ನಿಸುವಂತೆ ಕನ್ನಡ ಚಿತ್ರರಂಗ ಅಲ್ಲಿ ಸೋತಿತು. ಕನ್ನಡ ಭಾಷೆಗೆ ಲಾಭವಾಯಿತು.

ಯಾಕೆಂದರೆ ಅವರು ಅಲ್ಲಿಂದ ಹೋದದ್ದು ಮೈಕಿನ ಹತ್ತಿರಕ್ಕೆ. ದೂರದರ್ಶನದ ಬೆಂಗಳೂರು ಕೇಂದ್ರದಲ್ಲಿ ತೊಂಬತ್ತರ ದಶಕದುದ್ದಕ್ಕೂ ನಿರೂಪಣೆ. 1993ರಲ್ಲಿ ಆಕಾಶವಾಣಿಯ ಎಫ್.ಎಂ. ರೇನ್‌ಬೋ ವಾಹಿನಿಯ ಮೊದಲ ನಿರೂಪಕಿ. ಜೊತೆಗೆ ಸರ್ಕಾರದ, ಸಂಘಸಂಸ್ಥೆಗಳ ಲೆಕ್ಕವಿಲ್ಲದಷ್ಟು ಸಮಾರಂಭಗಳ ವೇದಿಕೆ. ಚಾವಣಿ ಮೇಲಿನ ಆಂಟೆನಾವನ್ನು ಒಬ್ಬರು ತಿರುಗಿಸುತ್ತ, ಕೆಳಗಿನಿಂದ ಇನ್ನೊಬ್ಬರು 'ಬಂತು, ಬಂತು, ಹಾಗೇ ಬಿಡು' ಎಂದು ಕೂಗುತ್ತಿದ್ದ ಕಾಲ ಅದು. ಚಿತ್ರ ಸರಿಯಾಗಿ ಕೂರದಿದ್ದರೂ ಅಪರ್ಣಾ ಅವರ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಗದ್ದಲವನ್ನು ಸೀಳಿಕೊಂಡು ಬರುವಷ್ಟು ಖಚಿತ, ಆದರೆ ಎಲ್ಲೂ ಏರುದನಿ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿರೂಪಣೆ ಎಂಬ ಕೆಲಸವನ್ನು ನಾವು ಎಷ್ಟು ಹಗುರವಾಗಿ ನೋಡುತ್ತೇವೆ ಎಂದು ನಮ್ಮ ತಾಲ್ಲೂಕುಗಳ ಸಭೆಗಳಲ್ಲೇ ಕಾಣಬಹುದು. ಹೊಳೆನರಸೀಪುರದಲ್ಲಿ ಆಗಲಿ, ಅರಕಲಗೂಡಿನಲ್ಲಿ ಆಗಲಿ, ರಾಜ್ಯೋತ್ಸವದ ಆಹ್ವಾನ ಪತ್ರಿಕೆ ತೆಗೆದು ನೋಡಿ. ಉದ್ಘಾಟಕರ ಹೆಸರು ದಪ್ಪ ಅಕ್ಷರದಲ್ಲಿ, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳ ದೊಡ್ಡ ಪಟ್ಟಿ. ಎಲ್ಲ ಮುಗಿದ ಮೇಲೆ, ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ನಿರೂಪಣೆ' ಎಂದು ಒಬ್ಬ ಶಿಕ್ಷಕಿಯ ಹೆಸರು. ಎಷ್ಟೋ ಸಲ ಅದೂ ಇರುವುದಿಲ್ಲ. ಆ ಹೆಣ್ಣುಮಗಳು ಬೆಳಿಗ್ಗೆ ಮನೆಗೆಲಸ ಮುಗಿಸಿ, ಶಾಲೆಯಲ್ಲಿ ಪಾಠ ಮಾಡಿ, ಹಾಳೆಯ ಮೇಲೆ ಹತ್ತು ಸಲ ತಿದ್ದಿ ಬರೆದುಕೊಂಡು ಬಂದಿರುತ್ತಾರೆ. ಅತಿಥಿಗಳು ತಡವಾಗಿ ಬಂದರೆ ಸಭಿಕರನ್ನು ಹಿಡಿದಿಡುವವರು ಅವರೇ. ಗಣ್ಯರ ಹೆಸರು ತಪ್ಪಿದರೆ ಬೈಸಿಕೊಳ್ಳುವವರೂ ಅವರೇ. ಹಾರ, ಶಾಲು, ಹಣ್ಣಿನ ಬುಟ್ಟಿ ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತವೆ, ಪೋಡಿಯಂ ಹತ್ತಿರ ಬರುವುದಿಲ್ಲ.

ಮೂರು ಗಂಟೆ ಕಾಲ ಬೇರೆಯವರ ಹೆಸರನ್ನು ಗೌರವದಿಂದ ಹೇಳುವುದು, ತನ್ನ ಹೆಸರನ್ನು ಹೇಳದಿರುವುದು: ನಿರೂಪಕಿಯ ಧರ್ಮ ಅದು. ಅಪರ್ಣಾ ಅದನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ಮಾಡಿದರು. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ, ವರಲಕ್ಷ್ಮಿಯ ಹತ್ತಿರ ಬಂದಾಗ ಬೇಕಾಗುತ್ತದೆ.

ಅವರ ಉಚ್ಚಾರಣೆಯ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲಿ ಎಷ್ಟು ಬೇಕೋ ಅಷ್ಟು. ಳಕಾರಕ್ಕೂ ಲಕಾರಕ್ಕೂ ಗೊಂದಲವಿಲ್ಲ. ಆದರೆ ನಾನು ಮೆಚ್ಚುವುದು ಇನ್ನೊಂದನ್ನು. ನಮ್ಮ ಸೀಮೆಯ ಮಾತಿನಲ್ಲಿ ಹಕಾರ ಉದುರುತ್ತದೆ. ನಮ್ಮವರು 'ಆಸನಕ್ಕೆ ಓಗ್ಬರ್ತೀನಿ' ಅನ್ನುತ್ತಾರೆ, 'ಒಳೆನರಸೀಪುರ' ಅನ್ನುತ್ತಾರೆ. ಹಾಗೆ ಮಾತಾಡುವ ಹುಡುಗನನ್ನು ಬೆಂಗಳೂರಿನಲ್ಲಿ ನಕ್ಕು ಮೂಲೆಗೆ ತಳ್ಳಿದ್ದು ನಾವೆಲ್ಲ ಕಂಡಿದ್ದೇವೆ. ಎಷ್ಟೋ ಜನರ ಶುದ್ಧ ಕನ್ನಡ ಹೀಗೆ ಇನ್ನೊಬ್ಬರನ್ನು ಹೊರಗಿಡುವ ಬೇಲಿಯಾಗುತ್ತದೆ. ಅಪರ್ಣಾ ಅವರ ಕನ್ನಡ ಕೇಳಿದಾಗ ಯಾರಿಗೂ ತಾನು ಸಣ್ಣವನು ಅನ್ನಿಸಲಿಲ್ಲ. ಅವರು ಪದಗಳನ್ನು ಪ್ರದರ್ಶನಕ್ಕಿಟ್ಟವರಲ್ಲ, ಎದುರಿನವರ ಕಿವಿಗೆ ತಲುಪಿಸಿದವರು. ನಮ್ಮ ಹಳ್ಳಿಯ ಅಜ್ಜಿಯಂದಿರಿಗೂ ಅವರ ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಇವತ್ತು ಈ ಜಿಲ್ಲೆಯಲ್ಲಿ ಮೈಕು ಹಿಡಿಯುವ ಎಷ್ಟೋ ಶಿಕ್ಷಕಿಯರ ದನಿಯಲ್ಲಿ, ಸಾಲಿನ ಕೊನೆಯನ್ನು ಮೆಲ್ಲಗೆ ಇಳಿಸುವ ರೀತಿಯಲ್ಲಿ, ನನಗೆ ಅಪರ್ಣಾ ಕೇಳಿಸುತ್ತಾರೆ. ಪಾಠ ಹೇಳದೆಯೇ ಕಲಿಸಿದ ಗುರು ಅವರು.

1998ರ ದೀಪಾವಳಿಗೆ ದೂರದರ್ಶನದಲ್ಲಿ ಎಂಟು ಗಂಟೆ ಕಾಲ ಸತತವಾಗಿ ಅವರು ಕಾರ್ಯಕ್ರಮ ನಿರೂಪಿಸಿದರು. ಎಂಟು ಗಂಟೆ ಅಂದರೆ ಏನು ಎಂದು ಇಲ್ಲಿರುವ ಅಧ್ಯಾಪಕರಿಗೆ ಗೊತ್ತು. ಮೂರು ತರಗತಿ ಬೆನ್ನುಬೆನ್ನಿಗೆ ತೆಗೆದುಕೊಂಡರೆ ನಾಲ್ಕನೆಯದರಲ್ಲಿ ಗಂಟಲು ಕಟ್ಟುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ, ಹೇಳಿದ್ದನ್ನೇ ಹೇಳುತ್ತೇವೆ. ಅಷ್ಟು ಹೊತ್ತು ದನಿ ಒಡೆಯದಂತೆ, ಮುಖದ ಕಳೆ ಇಳಿಯದಂತೆ, ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ನೋಡುಗ ಎದ್ದು ಹೋಗದಂತೆ ಕೂರಿಸಬೇಕಾದರೆ ಉಸಿರಿನ ಮೇಲೆ ಹಿಡಿತ ಬೇಕು. ಎಲ್ಲಿ ನಿಲ್ಲಿಸಬೇಕು, ಎಷ್ಟು ನಿಲ್ಲಿಸಬೇಕು ಎಂಬ ಲೆಕ್ಕ ಮೈಯಲ್ಲೇ ಇರಬೇಕು. ಸಂಗೀತಗಾರರಿಗೆ ಇದನ್ನು ಸಾಧನೆ ಅನ್ನುತ್ತೇವೆ.

ಮೆಟ್ರೊ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿತು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕನ್ನಡದಲ್ಲಿ ಹೇಳಿದ ದನಿ ಅಪರ್ಣಾ ಅವರದು. 2017ರಲ್ಲಿ ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲು ಬಂದ ಮೇಲೆ ನಮ್ಮ ಹುಡುಗರು ಯಶವಂತಪುರದಲ್ಲಿ ಇಳಿದು ಮೆಟ್ರೊ ಹತ್ತುತ್ತಾರೆ. ಮೊದಲ ಸಲ ಆ ಊರಿಗೆ ಹೋದ ಹುಡುಗಿಗೆ, ಸುತ್ತ ಹತ್ತು ಭಾಷೆಯ ಗದ್ದಲದ ನಡುವೆ, ಎಲ್ಲಿ ಇಳಿಯಬೇಕೆಂದು ತನ್ನ ಮಾತಿನಲ್ಲಿ ಹೇಳುವ ದನಿ ಸಿಗುವುದು ಎಷ್ಟು ದೊಡ್ಡ ಸಹಾಯ ಎಂಬುದು ಹಾಗೆ ಹೋದವರಿಗೇ ಗೊತ್ತು. ಅಲ್ಲಿಯೂ ಅಷ್ಟೇ: ಊರಿನ ಹೆಸರು, ಬೀದಿಯ ಹೆಸರು, ಮಹಾತ್ಮರ ಹೆಸರು. ತನ್ನ ಹೆಸರಿಲ್ಲ.

ಈಗ ನಗೆಯ ಕಡೆ ಬರೋಣ. ಕನ್ನಡ ಕಿರುತೆರೆಯ ಹಾಸ್ಯ ಧಾರಾವಾಹಿಗೆ ನಲವತ್ತು ವರ್ಷದ ಚರಿತ್ರೆ ಇದೆ. ದೂರದರ್ಶನದ 'ಸಿಹಿ ಕಹಿ' ಎಂಬ ಧಾರಾವಾಹಿ ಅದರಲ್ಲಿ ನಟಿಸಿದ ಚಂದ್ರು, ಗೀತಾ ಇಬ್ಬರ ಹೆಸರಿಗೂ ಅಂಟಿಕೊಂಡು ಇವತ್ತಿಗೂ ಬಿಟ್ಟಿಲ್ಲ. ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ಬಂತು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾದ ಮೇಲೆ ಸಿಹಿ ಕಹಿ ಚಂದ್ರು ಅವರಿಂದಲೇ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಬಂದವು. ಶಾಲಿನಿಯವರ ಶ್ರೀಮತಿ, ಮಂಜುಭಾಷಿಣಿಯವರ ಸಮಾಜ ಸೇವಕಿ ಲಲಿತಾಂಬ ಮನೆಮಾತಾದರು.

ಇಲ್ಲಿ ಒಂದು ಬದಲಾವಣೆ ನಡೆಯಿತು, ಅದನ್ನು ನಮ್ಮ ವಿಮರ್ಶಕರು ಸಾಕಷ್ಟು ಗಮನಿಸಲಿಲ್ಲ. ಅದಕ್ಕೂ ಮೊದಲು ಸಿನಿಮಾದಲ್ಲಿ ಹಾಸ್ಯನಟಿಗೆ ಸಿಗುತ್ತಿದ್ದದ್ದು ಬಹುಪಾಲು ಎರಡೇ ಜಾಗ. ಒಂದೋ ಗಂಡನನ್ನು ಕಾಡುವ ಗಯ್ಯಾಳಿ, ಇಲ್ಲವೇ ಹಾಸ್ಯನಟನ ಜೋಡಿ. ಎಂ.ಎನ್. ಲಕ್ಷ್ಮೀದೇವಿ, ಬಿ. ಜಯಾ, ರಮಾದೇವಿ ಅವರಂಥ ಪ್ರತಿಭಾವಂತರು ಅಷ್ಟರಲ್ಲೇ ಚಮತ್ಕಾರ ಮಾಡಬೇಕಾಯಿತು. ಉಮಾಶ್ರೀಯವರನ್ನು ವರ್ಷಗಟ್ಟಲೆ ದ್ವಂದ್ವಾರ್ಥದ ಮಾತಿಗೆ ಬಳಸಿಕೊಂಡ ಚಿತ್ರರಂಗಕ್ಕೆ ಅವರು ಎಷ್ಟು ದೊಡ್ಡ ನಟಿ ಎಂದು ಮನವರಿಕೆಯಾಗಲು ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಬೇಕಾಯಿತು, ರಾಷ್ಟ್ರಪ್ರಶಸ್ತಿ ಬೇಕಾಯಿತು. ಕಿರುತೆರೆಯ ಲಲಿತಾಂಬನಂಥ ಪಾತ್ರದಲ್ಲಿ ನಗು ಬಂದದ್ದು ಬೇರೆ ಕಡೆಯಿಂದ. ಅವಳಿಗೆ ಒಂದು ಆಸೆ ಇದೆ. ತಾನು ದೊಡ್ಡವಳಾಗಬೇಕು, ನಾಲ್ಕು ಜನ ತನ್ನನ್ನು ಗುರುತಿಸಬೇಕು. ಆ ಆಸೆಗೂ ಅವಳ ಸುತ್ತಲಿನ ಬದುಕಿಗೂ ನಡುವಿನ ದೂರವೇ ನಗೆಯ ಮೂಲ. ಹೆಣ್ಣಿನ ಮಹತ್ವಾಕಾಂಕ್ಷೆಯನ್ನು ಕನ್ನಡದ ಮನೆಗಳು ಒಪ್ಪಿ ನಗುತ್ತ ನೋಡಿದ್ದು ಇಲ್ಲೇ ಮೊದಲು ಎಂದು ನಾನು ತಿಳಿದಿದ್ದೇನೆ.

ವರಲಕ್ಷ್ಮಿ ಈ ವಂಶದವಳು. 2015ರಲ್ಲಿ ಕಲರ್ಸ್ ಕನ್ನಡದಲ್ಲಿ ಸೃಜನ್ ಲೋಕೇಶ್ 'ಮಜಾ ಟಾಕೀಸ್' ಶುರುಮಾಡಿದರು. ಒಂದು ಮನೆ, ಆ ಮನೆಗೆ ಬಂದುಹೋಗುವ ವಿಚಿತ್ರ ನೆಂಟರು, ಅಕ್ಕಪಕ್ಕದವರು, ನಡುವೆ ಅತಿಥಿಗಳಾಗಿ ಬರುವ ಸಿನಿಮಾದವರು, ಎದುರಿಗೆ ಕೂತು ನಗುವ ಪ್ರೇಕ್ಷಕರು. ಶ್ವೇತಾ ಚೆಂಗಪ್ಪ, ಇಂದ್ರಜಿತ್ ಲಂಕೇಶ್, ಮಿಮಿಕ್ರಿ ದಯಾನಂದ್, ಕುರಿ ಪ್ರತಾಪ್ ಇದ್ದ ತಂಡ. ಸೃಜನ್ ಅವರ ಅಜ್ಜ ಎಂ.ವಿ. ಸುಬ್ಬಯ್ಯನಾಯ್ಡು 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ನಾಯಕರು, ನಾಟಕ ಕಂಪನಿಯಿಂದ ಬಂದವರು. ಸಭಿಕರ ಎದುರು ನಿಂತು ಅವರ ಉಸಿರಾಟ ನೋಡಿಕೊಂಡು ಮಾತು ಹೇಳುವ ಕಂಪನಿ ನಾಟಕದ ಪದ್ಧತಿ ಹೀಗೆ ಸುತ್ತಿ ಸುತ್ತಿ ಟಿ.ವಿ.ಗೆ ಬಂತು.

ಆಗ ಅಪರ್ಣಾ ಅವರಿಗೆ ಐವತ್ತು ಸಮೀಪಿಸಿತ್ತು. ಆ ವಯಸ್ಸಿನ ನಟಿಗೆ ಕಿರುತೆರೆ ಏನು ಕೊಡುತ್ತದೆ? ತಾಯಿ, ಅತ್ತೆ, ದೊಡ್ಡಮ್ಮ. 'ಮೂಡಲ ಮನೆ', 'ಮುಕ್ತ'ದಂಥ ಒಳ್ಳೆಯ ಧಾರಾವಾಹಿಗಳಲ್ಲಿ ಅವರು ಗಂಭೀರ ಪಾತ್ರ ಮಾಡಿದ್ದರು. 2013ರಲ್ಲಿ 'ಬಿಗ್ ಬಾಸ್' ಮೊದಲ ಆವೃತ್ತಿಗೂ ಹೋಗಿ ಬಂದಿದ್ದರು. ಇಷ್ಟಾದ ಮೇಲೆ ಝಗಮಗಿಸುವ ವೇಷ ತೊಟ್ಟು, ಮೈತುಂಬ ಒಡವೆ ಹೇರಿಕೊಂಡು, ತನ್ನ ಸೌಂದರ್ಯಕ್ಕೂ ಪ್ರತಿಭೆಗೂ ಲೋಕದಲ್ಲಿ ಎಣೆಯಿಲ್ಲವೆಂದು ನಂಬಿದ ಹೆಂಗಸಾಗಿ ಅವರು ಬಂದರು. 'ಒನ್ ಅಂಡ್ ಓನ್ಲಿ ವರಲಕ್ಷ್ಮಿ' ಎಂದು ತನ್ನನ್ನು ತಾನೇ ಸಾರಿಕೊಂಡಳು ಆ ಪಾತ್ರ.

ಆಗಲೇ ನೆನಪಿಡಿ ಎಂದದ್ದು ಇದಕ್ಕೇ. ಇಪ್ಪತ್ತಕ್ಕೂ ಹೆಚ್ಚು ವರ್ಷ ಪರರ ಹೆಸರನ್ನೇ ಸಾರಿದ ಹೆಣ್ಣುಮಗಳು ಈ ಪಾತ್ರದಲ್ಲಿ ತನ್ನದೇ ಹೆಸರು ಸಾರಿಕೊಳ್ಳುತ್ತಾಳೆ. ಮಂತ್ರಿಗಳಿಗೆ, ಸ್ವಾಮೀಜಿಗಳಿಗೆ, ಸಮ್ಮೇಳನಾಧ್ಯಕ್ಷರಿಗೆ ಮೀಸಲಿಟ್ಟಿದ್ದ ಆ ಗತ್ತಿನ ಕನ್ನಡ, ಆ ಏರಿಳಿತ, ಆ ಅಳೆದಿಟ್ಟ ನಿಲುಗಡೆ ಎಲ್ಲವೂ ಈಗ ವರಲಕ್ಷ್ಮಿ ಎಂಬ ಒಬ್ಬಳ ಸೇವೆಗೆ. ನೋಡುವ ಮಂದಿ ನಕ್ಕರು, ಯಾಕೆಂದರೆ ಆ ದನಿಯ ಘನತೆ ಅವರಿಗೆ ಗೊತ್ತಿತ್ತು. ಬೇರೆ ಯಾವ ನಟಿ ಈ ಪಾತ್ರ ಮಾಡಿದ್ದರೂ ಜಂಬದ ಹೆಂಗಸೊಬ್ಬಳು ಕಾಣುತ್ತಿದ್ದಳು, ಅಷ್ಟೇ. ಅಪರ್ಣಾ ಮಾಡಿದ್ದರಿಂದ, ಮೂಲೆಯಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸಿದ ನಿರೂಪಕಿಯರೆಲ್ಲರ ಸರದಿ ಬಂತು ಅನ್ನಿಸಿತು ನನಗೆ. ನಮ್ಮ ಊರುಗಳ ಎಷ್ಟೋ ಗೃಹಿಣಿಯರು ವರಲಕ್ಷ್ಮಿಯನ್ನು ಅಷ್ಟು ಹಚ್ಚಿಕೊಂಡದ್ದಕ್ಕೂ ಇದೇ ಕಾರಣ ಇರಬೇಕು. ಮನೆಯಲ್ಲಿ 'ನಾನು' ಎಂಬ ಮಾತನ್ನು ಕೊನೆಗೆ ಆಡುವವರು ಅವರು.

ಕಸುಬಿನ ಒಂದು ಅಂಶವನ್ನು ಹತ್ತಿರದಿಂದ ನೋಡೋಣ. ಎದುರಿಗೆ ಪ್ರೇಕ್ಷಕರಿರುವ ಹಾಸ್ಯದಲ್ಲಿ ನಗುವೂ ಒಂದು ಪಾತ್ರಧಾರಿ. ನಟಿ ಒಂದು ಮಾತು ಹೇಳುತ್ತಾಳೆ, ಸಭೆ ನಗುತ್ತದೆ. ಆ ನಗು ಏರುತ್ತ ಇರುವಾಗಲೇ ಮುಂದಿನ ಮಾತು ಹೇಳಿದರೆ ಅದು ಯಾರಿಗೂ ಕೇಳದೆ ಸಾಯುತ್ತದೆ. ನಗು ಪೂರಾ ಇಳಿದ ಮೇಲೆ ಹೇಳಿದರೆ ಸಭೆ ತಣ್ಣಗಾಗಿರುತ್ತದೆ, ಮತ್ತೆ ಮೊದಲಿನಿಂದ ಕಾಯಿಸಬೇಕು. ನಗು ತುದಿ ಮುಟ್ಟಿ ಇಳಿಯಲು ಶುರುವಾದ ಆ ಕ್ಷಣದಲ್ಲಿ ಮುಂದಿನ ಮಾತು ಬೀಳಬೇಕು. ಅಲ್ಲಿಯವರೆಗೆ ನಟಿ ಸುಮ್ಮನೆ ನಿಂತಿರುವಂತಿಲ್ಲ, ಪಾತ್ರದೊಳಗೇ ಇರಬೇಕು. ವರಲಕ್ಷ್ಮಿಯಾಗಿ ಅಪರ್ಣಾ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು, ಹಳೆಯ ಕಂತುಗಳನ್ನು ಹಾಕಿಕೊಂಡು ನೋಡಿ. ಹುಬ್ಬು, ಕತ್ತು, ಸೆರಗಿನ ತುದಿ, ಯಾವುದೋ ಒಂದು ಅಲುಗುತ್ತದೆ, ಉಳಿದದ್ದು ಸ್ಥಿರ. ಸಭೆ ತನ್ನನ್ನು ನೋಡಿ ನಗುತ್ತಿದೆ ಎಂಬುದು ಪಾತ್ರಕ್ಕೆ ಗೊತ್ತೇ ಇಲ್ಲ. ಮೆಚ್ಚಿಕೊಂಡಿದೆ ಎಂದೇ ಅವಳು ತಿಳಿದಿದ್ದಾಳೆ. ನಟಿ ಒಂದು ಸಲ ತಾನೇ ನಕ್ಕುಬಿಟ್ಟರೆ ಆ ನಂಬಿಕೆ ಒಡೆಯುತ್ತದೆ. ವರ್ಷಗಟ್ಟಲೆ ನೇರ ಪ್ರಸಾರದಲ್ಲಿ, ಎರಡನೆಯ ಅವಕಾಶವಿಲ್ಲದ ಕಡೆ, ಸಭೆಯ ಗದ್ದಲಕ್ಕೆ ಕಿವಿಗೊಟ್ಟು ಮಾತು ಹೊಂದಿಸಿಕೊಂಡವರಿಗೆ ಮಾತ್ರ ಈ ಲೆಕ್ಕ ಸಾಧ್ಯ. 1998ರ ದೀಪಾವಳಿಯ ಎಂಟು ಗಂಟೆ ಇಲ್ಲಿ ಫಲ ಕೊಟ್ಟಿತು.

'ಅಷ್ಟು ಒಳ್ಳೆಯ ಕನ್ನಡ ಮಾತಾಡುವವರು ಈ ವೇಷ ಯಾಕೆ ಹಾಕಬೇಕಿತ್ತು?' ಎಂದು ನೊಂದುಕೊಂಡವರನ್ನು ನಾನು ಬಲ್ಲೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಈ ಪ್ರಶ್ನೆಯನ್ನು ಹಾಸನ ಜಿಲ್ಲೆಯಲ್ಲಿ ಕೇಳಬಾರದು. ಹೇಮಾವತಿಯ ದಂಡೆಯ ಗೊರೂರಿನಿಂದ ಬಂದ ರಾಮಸ್ವಾಮಿ ಅಯ್ಯಂಗಾರರು ಜೀವಮಾನವೆಲ್ಲ ನಗೆಯನ್ನೇ ಬರೆದರು. 'ಅಮೆರಿಕದಲ್ಲಿ ಗೊರೂರು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಗಾಂಧೀವಾದಿ, ಸ್ವಾತಂತ್ರ್ಯ ಹೋರಾಟಗಾರ, ಇಂಥವರು ನಗೆ ಯಾಕೆ ಬರೆದರು ಎಂದು ಯಾರೂ ಕೇಳಲಿಲ್ಲ. ಅರಸೀಕೆರೆಯ ದೊಡ್ಡಣ್ಣ ಸಿನಿಮಾದಲ್ಲಿ ನಗಿಸಿದಾಗ ನಮ್ಮವರು ಎಂದು ಹೆಮ್ಮೆಪಟ್ಟೆವು. ಕಾಗದದ ಮೇಲೆ ನಗೆ ಬಂದರೆ ಸಾಹಿತ್ಯ, ಗಂಡಸಿನ ಬಾಯಲ್ಲಿ ಬಂದರೆ ಪ್ರತಿಭೆ, ಹೆಂಗಸಿನ ಮೈಮೇಲೆ ಬಂದರೆ ಮಾತ್ರ 'ಯಾಕೆ ಬೇಕಿತ್ತು?' ಈ ತಾರತಮ್ಯ ನ್ಯಾಯವಲ್ಲ.

ಅರಕಲಗೂಡಿನವರಿಗೆ ನಾನು ಅನಕೃ ಅವರನ್ನು ನೆನಪಿಸಬೇಕಾಗಿಲ್ಲ, ಊರಿನ ಹೆಸರೇ ಅವರ ಹೆಸರಿನ ಮೊದಲಿಗಿದೆ. ನಟರನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ರಂಗಭೂಮಿಯ ಬದುಕನ್ನು ಕಾದಂಬರಿಯ ನಡುಮನೆಗೆ ತಂದು 'ನಟಸಾರ್ವಭೌಮ' ಬರೆದವರು ಅವರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಗಿರೀಶ ಕಾಸರವಳ್ಳಿ ಧಾರಾವಾಹಿ ಮಾಡಿದಾಗ ನಂಜಮ್ಮನಾಗಿ ಮಾಳವಿಕಾ ಬಂದರು. ಆ ಸೀಮೆಯ ಹೆಂಗಸರು ತಮ್ಮ ಅತ್ತೆಯನ್ನೋ ಅಜ್ಜಿಯನ್ನೋ ಕಂಡಂತೆ ಕಣ್ಣೀರಿಟ್ಟರು. ಅಳಿಸುವ ನಟಿಗೆ ಸಿಗುವ ಮನ್ನಣೆ ಸರಿಯೇ, ನನ್ನದೇನೂ ತಕರಾರಿಲ್ಲ. ಅದೇ ಮನ್ನಣೆ ನಗಿಸುವ ನಟಿಗೂ ಸಿಗಲಿ ಎಂಬುದು ನನ್ನ ವಾದ. ಅಪರ್ಣಾ ಎರಡನ್ನೂ ಮಾಡಿದವರು: ದುಃಖದ ಚಿತ್ರದಿಂದ ಶುರುಮಾಡಿ ನಗೆಯಲ್ಲಿ ಮನೆಮನೆ ತಲುಪಿದರು. ಎರಡನೆಯದೇ ಕಷ್ಟದ ಕೆಲಸವಾಗಿತ್ತು ಎಂದು ನಾನು ಹೇಳುತ್ತೇನೆ.

ಹಾಗೆಂದು ಟಿ.ವಿ. ಹಾಸ್ಯದ ಎಲ್ಲವನ್ನೂ ಸಮರ್ಥಿಸಲು ನಾನು ಇಲ್ಲಿ ನಿಂತಿಲ್ಲ. ಮೈಬಣ್ಣ, ಮೈಗಾತ್ರ ಹಿಡಿದು ನಗಿಸುವುದು, ಗಂಡಸರಿಗೆ ಹೆಣ್ಣುವೇಷ ಹಾಕಿಸಿ ಹೆಂಗಸರ ಮೈಯನ್ನೇ ತಮಾಷೆ ಮಾಡುವುದು ನಮ್ಮ ವಾಹಿನಿಗಳ ವಾರಾಂತ್ಯದ ಕಾರ್ಯಕ್ರಮಗಳಿಗೆ ಅಂಟಿದ ರೋಗ. ಮಕ್ಕಳು ಅದನ್ನೇ ಶಾಲೆಗೆ ಒಯ್ದು ಸಹಪಾಠಿಗಳ ಮೇಲೆ ಪ್ರಯೋಗಿಸುವುದನ್ನು ಅಧ್ಯಾಪಕರು ದಿನಾ ನೋಡುತ್ತೀರಿ. ಇದರ ನಡುವೆ ವರಲಕ್ಷ್ಮಿ ಎದ್ದು ಕಾಣುವುದು ಈ ಕಾರಣಕ್ಕೇ. ಅವಳ ನಗೆಯ ಬಂಡವಾಳ ಅವಳ ಆತ್ಮವಿಶ್ವಾಸ. ಪಕ್ಕದವರು ಎಷ್ಟು ಕಾಲೆಳೆದರೂ ಅವಳು ಕುಗ್ಗುವುದಿಲ್ಲ, ಮುಂದಿನ ವಾರ ಅಷ್ಟೇ ಗತ್ತಿನಲ್ಲಿ ಬರುತ್ತಾಳೆ.

ಕಾಯಿಲೆಯ ಬಗ್ಗೆ ಹೆಚ್ಚು ಹೇಳಲಾರೆ. ಅವರ ಪತಿ, ವಾಸ್ತುಶಿಲ್ಪಿ ಮತ್ತು ಲೇಖಕ ನಾಗರಾಜ ವಸ್ತಾರೆಯವರು ಸಾವಿನ ಬಳಿಕ ಪತ್ರಕರ್ತರಿಗೆ ತಿಳಿಸಿದಂತೆ, ಅದಕ್ಕೆ ಎರಡು ವರ್ಷ ಮೊದಲು ರೋಗ ಗೊತ್ತಾದಾಗಲೇ ಅದು ನಾಲ್ಕನೆಯ ಹಂತ ತಲುಪಿತ್ತು. ವೈದ್ಯರು ಕೊಟ್ಟ ಅವಧಿ ಆರು ತಿಂಗಳು. ಅವರು ಎರಡು ವರ್ಷ ಬದುಕಿದರು, ಹೊರಗಿನವರಿಗೆ ಹೆಚ್ಚು ಗೊತ್ತಾಗದಂತೆ. ಉಸಿರನ್ನೇ ಕಸುಬು ಮಾಡಿಕೊಂಡವರಿಗೆ ಶ್ವಾಸಕೋಶದ ರೋಗ ಬಂದದ್ದು ನೆನೆದರೆ ಸಂಕಟವಾಗುತ್ತದೆ. ಅಂತ್ಯಕ್ರಿಯೆ ಸರ್ಕಾರದ ಗೌರವಗಳೊಂದಿಗೆ ಆಯಿತೋ ಇಲ್ಲವೋ, ಎಷ್ಟು ಗಣ್ಯರು ಬಂದರು ಎಂಬ ಚರ್ಚೆಗಿಂತ ನನ್ನನ್ನು ಕಾಡುವುದು ಬೇರೆ ವಿಷಯ, ಅದನ್ನು ಹೇಳಿ ಮುಗಿಸುತ್ತೇನೆ.

ಬರೆದವರ ಕೃತಿ ಗ್ರಂಥಾಲಯದಲ್ಲಿರುತ್ತದೆ. ಮಾತಾಡಿದವರ ಕೃತಿ ಎಲ್ಲಿರುತ್ತದೆ? 'ಮಜಾ ಟಾಕೀಸ್' ಕಂತುಗಳು ಇಂದು ಮೊಬೈಲಿನಲ್ಲಿ ಸಿಗುತ್ತವೆ. ಆದರೆ ತೊಂಬತ್ತರ ದಶಕದಲ್ಲಿ ಬಾನುಲಿಯಲ್ಲೂ ಟಿ.ವಿ.ಯಲ್ಲೂ ಟೇಪು ದುಬಾರಿ. ಪ್ರಸಾರವಾದ ಟೇಪಿನ ಮೇಲೆಯೇ ಹೊಸತನ್ನು ಮುದ್ರಿಸಿಕೊಳ್ಳುವುದು ರೂಢಿಯಾಗಿತ್ತು. ನೇರ ಪ್ರಸಾರದ ನಿರೂಪಣೆಯನ್ನು ಉಳಿಸಿಕೊಳ್ಳಬೇಕು ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಹಾಗಾಗಿ ಅಪರ್ಣಾ ಅವರ ಕಲೆ ರೂಪುಗೊಂಡ ವರ್ಷಗಳ ದಾಖಲೆ ಉಳಿದಿದ್ದರೆ ಅದು ನೋಡುಗರ ಮನೆಗಳಲ್ಲಿ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಆ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಕಾಫಿ ತೋಟದ ಮನೆಗಳಲ್ಲಿ, ಪೇಟೆಯ ಅಂಗಡಿಕಾರರ ಮನೆಗಳಲ್ಲಿ ವಿ.ಸಿ.ಆರ್. ಇತ್ತು. ಹಬ್ಬದ ವಿಶೇಷ ಕಾರ್ಯಕ್ರಮ ಬಂದರೆ ಖಾಲಿ ಕ್ಯಾಸೆಟ್ ಹಾಕಿ ಮುದ್ರಿಸಿಕೊಳ್ಳುತ್ತಿದ್ದರು. ರೇಡಿಯೊದಿಂದ ಟೇಪ್ ರೆಕಾರ್ಡರಿಗೆ ಇಳಿಸಿಕೊಂಡವರೂ ಇದ್ದರು. ಊರಿನ ಸಮಾರಂಭಕ್ಕೆ ಅಪರ್ಣಾ ಬಂದಿದ್ದರೆ ವಿಡಿಯೊದವರು ತೆಗೆದ ಚಿತ್ರೀಕರಣವೂ ಇರಬಹುದು. ಅಟ್ಟದ ಮೇಲೆ, ಬೀರುವಿನ ತಳದಲ್ಲಿ, ಮದುವೆ ಕ್ಯಾಸೆಟ್ಟುಗಳ ಜೊತೆ ಅಂಥದ್ದೇನಾದರೂ ಇದೆಯೇ ಎಂದು ದಯವಿಟ್ಟು ಹುಡುಕಿ. ಬೂಷ್ಟು ಹಿಡಿದಿದ್ದರೂ ಎಸೆಯಬೇಡಿ, ಹಾಗೆಯೇ ಯಂತ್ರಕ್ಕೆ ಹಾಕಲೂ ಬೇಡಿ; ಬೂಷ್ಟು ಯಂತ್ರಕ್ಕೂ ಹತ್ತುತ್ತದೆ, ಟೇಪು ಕಿತ್ತುಹೋಗುತ್ತದೆ. ಅದನ್ನು ಶುಚಿಮಾಡಿ ಡಿಜಿಟಲ್ ಪ್ರತಿ ತೆಗೆಯುವವರು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇದ್ದಾರೆ. ಮೂಲ ಕ್ಯಾಸೆಟ್ ನಿಮ್ಮಲ್ಲೇ ಇರಲಿ, ಪ್ರತಿಯೊಂದನ್ನು ನಿಮ್ಮ ಊರಿನ ಕಾಲೇಜಿನ ಕನ್ನಡ ವಿಭಾಗಕ್ಕೆ ಕೊಡಿ. ವಿಭಾಗದವರು ಕ್ಯಾಸೆಟ್ಟಿನ ಮೇಲೆ ಬರೆದಿರುವ ತಾರೀಖು, ಕಾರ್ಯಕ್ರಮದ ಹೆಸರು, ಯಾರ ಮನೆಯಿಂದ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. 1998ರ ದೀಪಾವಳಿಯ ಆ ಎಂಟು ಗಂಟೆಯಲ್ಲಿ ಅರ್ಧ ಗಂಟೆ ಸಿಕ್ಕಿದರೂ ಮುಂದಿನ ವರ್ಷ ಇದೇ ಸಭೆಯಲ್ಲಿ ಅದನ್ನು ಎಲ್ಲರೂ ಕೂತು ಕೇಳಬಹುದು. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ಮನೆಯಲ್ಲಿ ಇಂಥ ಕ್ಯಾಸೆಟ್ ಇರಬಹುದು ಎಂಬ ಸಂಶಯ ಇರುವವರೂ ತಮ್ಮ ಹೆಸರು, ಊರು ಬರೆದು ಹೋಗಿ.